ದಿಬ್ಬದ ಮೇಲಿನ ಹನ್ನೊಂದು ಒಲೆಗಳು

ಯಾರಂಬಿಲ್ ಊರಿನ ಬಾಗಿಲಲ್ಲಿ ಒಂದು ಬೋರ್ಡಿದೆ. 'ರಾಜ್ಯದ ಅತಿ ಶುದ್ಧ ಗಾಳಿಯ ಕಣಿವೆಗೆ ಸ್ವಾಗತ' ಎಂದು ಬರೆಸಿದ್ದಾರೆ. ಮೇ ತಿಂಗಳಿಂದ ಸೆಪ್ಟೆಂಬರ್ ತನಕ ಇಲ್ಲಿ ಚಳಿಗಾಲ. ಆಗ ಆ ಬೋರ್ಡಿನ ಮೇಲೆ ಕೂರುವ ಮಸಿ ಒರೆಸುವ ಕೆಲಸ ನನ್ನದಾಗಿತ್ತು. ಒಂದು ಬಕೆಟ್ಟು, ಸೋಪಿನ ನೀರು, ಹಳೇ ಟವೆಲ್ಲು. ಒರೆಸಿ ಹಿಂಡಿದರೆ ಟವೆಲ್ಲಿನಿಂದ ಕರೀ ಕಾಫಿಯಂಥ ನೀರು ಇಳಿಯುತ್ತಿತ್ತು. ಬಂದವರು ಬೋರ್ಡು ಓದುತ್ತಿದ್ದರು. ನಾನು ಟವೆಲ್ಲು ಓದುತ್ತಿದ್ದೆ.

ನನ್ನ ಹೆಸರು ರೇಲೀನ್. ವಯಸ್ಸು ಐವತ್ಮೂರು. ಬೋರ್ಡು ಒರೆಸುವುದು ಸಣ್ಣ ಕೆಲಸ. ನನ್ನ ದೊಡ್ಡ ಕೆಲಸ ಬೆಂಕಿ ಹಚ್ಚುವುದಾಗಿತ್ತು.

ದಿಬ್ಬದ ಮೇಲೆ ಹನ್ನೊಂದು ರಜಾಮನೆಗಳಿವೆ. ಅವುಗಳ ಯಜಮಾನರು ಸಿಡ್ನಿಯಲ್ಲೋ ಕ್ಯಾನ್‌ಬೆರಾದಲ್ಲೋ ಇರುತ್ತಾರೆ. ಮನೆ ನೋಡಿಕೊಂಡು ಬಾಡಿಗೆಗೆ ಬಿಡುವವಳು ಫಿಲಿಪಾ. ಚಳಿಗಾಲದ ಪ್ರತಿ ಶುಕ್ರವಾರ ಅತಿಥಿಗಳು ಬರುತ್ತಾರೆ. ಅವರು ಬಾಗಿಲು ತೆಗೆಯುವ ಹೊತ್ತಿಗೆ ಕಬ್ಬಿಣದ ಒಲೆ ಉರಿಯುತ್ತಿರಬೇಕು. ಒಲೆಯ ಗಾಜಿನ ಹಿಂದೆ ಜ್ವಾಲೆ ಕುಣಿಯಬೇಕು. ಅವರ ಬಾಯಿಂದ 'ಆಹಾ' ಬರಬೇಕು. ಆ 'ಆಹಾ' ತಯಾರಿಸುತ್ತಿದ್ದವಳು ನಾನು. ಹತ್ತೊಂಬತ್ತು ವರ್ಷ.

ಬೆಳಿಗ್ಗೆ ಏಳಕ್ಕೆ ಮೇಲೆ ಹತ್ತುತ್ತಿದ್ದೆ. ಸೌದೆ ರಾಶಿಯ ಮೇಲೆ ಹಿಮ ಬಿಳಿ ಉಪ್ಪಿನ ಹಾಗೆ ಕೂತಿರುತ್ತಿತ್ತು. ನಮ್ಮ ಬೆಟ್ಟದ ನೀಲಗಿರಿ ದಿಮ್ಮಿ ಕಲ್ಲಿನಂಥದ್ದು. ಕೊಡಲಿ ಬೀಸಿದರೆ ಏಟು ಮೊಣಕೈಗೆ, ಭುಜಕ್ಕೆ, ಅಲ್ಲಿಂದ ದವಡೆಗೆ ವಾಪಸು ಬರುತ್ತದೆ. ಸೀಳಬೇಕು. ತಳ್ಳುಗಾಡಿಗೆ ತುಂಬಬೇಕು. ಹನ್ನೊಂದು ಮನೆಗೆ ಹೊರಬೇಕು. ಹನ್ನೊಂದು ಒಲೆಯ ಬೂದಿ ಬಳಿಯಬೇಕು. ಸೀನಿದರೆ ಕಪ್ಪು ಬರುತ್ತದೆ. ಗಾಜಿಗೆ ಮೆತ್ತಿದ ಕಂದು ಜಿಡ್ಡನ್ನು ಒದ್ದೆ ಕಾಗದಕ್ಕೆ ಬೂದಿ ಅದ್ದಿ ಉಜ್ಜಬೇಕು. ನನ್ನ ಉಗುರಿನ ಸಂದಿಗಳು ಹತ್ತೊಂಬತ್ತು ವರ್ಷದಿಂದ ಬೆಳ್ಳಗಾಗಿಲ್ಲ.

ಪ್ರತಿ ಒಲೆಯ ಪಕ್ಕ ಫಿಲಿಪಾ ಒಂದು ಚಂದದ ಕಾರ್ಡು ಇಟ್ಟಿದ್ದಾಳೆ. 'ಮಲಗುವ ಮುನ್ನ ಗಾಳಿಯ ತಿರುಪನ್ನು ಬಿಗಿ ಮಾಡಿ. ಬೆಂಕಿ ಬೆಳಗಿನವರೆಗೂ ಇರುತ್ತದೆ.' ಇರುವುದು ಬೆಂಕಿಯಲ್ಲ. ಗಾಳಿ ಸಿಗದ ಸೌದೆ ಉರಿಯುವುದಿಲ್ಲ. ಇಡೀ ರಾತ್ರಿ ಹೊಗೆಯಾಡುತ್ತದೆ. ಆ ಹೊಗೆ ದಿಬ್ಬದ ಮೇಲೆ ನಿಲ್ಲುವುದಿಲ್ಲ. ಚಳಿಗಾಲದ ಸಂಜೆ ತಣ್ಣನೆಯ ಗಾಳಿ ಬೆಟ್ಟದ ಮೈಮೇಲೆ ನೀರಿನಂತೆ ಇಳಿಯುತ್ತದೆ. ಹೊಗೆಯನ್ನೂ ಎಳೆದುಕೊಂಡು ಇಳಿಯುತ್ತದೆ. ಕೆಳಗೆ ಹೊಳೆಯ ಪಕ್ಕ ಬಂದು ನಿಲ್ಲುತ್ತದೆ. ಮಾರನೇ ದಿನ ಹತ್ತು ಗಂಟೆಯ ಬಿಸಿಲು ಬರುವ ತನಕ ಅಲ್ಲಾಡುವುದಿಲ್ಲ.

ಹೊಳೆಯ ಪಕ್ಕ ಇರುವುದು ತಗ್ಗು. ತಗ್ಗಿನಲ್ಲಿ ಇರುವವರು ನಾವು.

ನಾವು ಅಂದರೆ ಈ ಕಣಿವೆಯ ಮೂಲದ ಜನ. ನನ್ನ ಮುತ್ತಜ್ಜಿಯ ಕಾಲದಲ್ಲಿ ಚಳಿಗಾಲಕ್ಕೆ ಯಾರೂ ಹೊಳೆಯ ಪಕ್ಕ ಮಲಗುತ್ತಿರಲಿಲ್ಲ. ಬಿಸಿಲಿರುವ ದಿಬ್ಬಕ್ಕೆ ಹೋಗುತ್ತಿದ್ದರು. ಬಿಳಿಯರು ಬಂದರು. ಬಿಸಿಲು ಅವರಿಗೂ ಹಿತವಾಯಿತು. ನಮ್ಮನ್ನು ಪೊಲೀಸರ ಕೈಲಿ ತಗ್ಗಿಗೆ ತಳ್ಳಿಸಿ ಸುತ್ತ ಬೇಲಿ ಬಿಗಿದು ಅದಕ್ಕೆ ಮಿಷನ್ ಎಂದು ಹೆಸರಿಟ್ಟರು. ಬೇಲಿ ಕಿತ್ತು ಐವತ್ತು ವರ್ಷವಾಯಿತು. ಈಗ ಸರ್ಕಾರಿ ಮನೆಗಳು ಇಪ್ಪತ್ತಾರು ಇವೆ. ಜನ ಅವರೇ, ಜಾಗ ಅದೇ.

ಅಲ್ಲಿ ನನ್ನ ಜೊತೆ ಅಕ್ಕ ಮರ್ಲ್ ಇರುತ್ತಾಳೆ. ನನಗಿಂತ ಹನ್ನೆರಡು ವರ್ಷ ದೊಡ್ಡವಳು. ಅಮ್ಮ ಸತ್ತ ಮೇಲೆ ನನ್ನನ್ನು ಸಾಕಿದವಳು. ಇಪ್ಪತ್ತೆರಡು ವರ್ಷ ಮರದ ಮಿಲ್ಲಿನಲ್ಲಿ ಹೊಟ್ಟು ಗುಡಿಸಿದಳು. ಮಿಕ್ಕ ಆಯಸ್ಸು ತಗ್ಗಿನ ಗಾಳಿ ಕುಡಿದಳು. ಎದೆ ಹೋಯಿತು. ಈಗ ಗೋಡೆಯ ಪಕ್ಕ ಆಮ್ಲಜನಕದ ಯಂತ್ರ ಗುಂಯ್ ಅನ್ನುತ್ತದೆ. ಅದರಿಂದ ಬಂದ ನಳಿಗೆ ಅವಳ ಮೂಗಿನಲ್ಲಿ. ಆಮ್ಲಜನಕದ ಹತ್ತಿರ ಬೆಂಕಿ ಇರಬಾರದು. ಹಾಗಾಗಿ ನಮ್ಮ ಮನೆಯ ಒಲೆ ಹಚ್ಚಿ ಎರಡು ವರ್ಷವಾಯಿತು. ಒಲೆಯ ಮೇಲೆ ಟಿ.ವಿ. ಇಟ್ಟಿದ್ದೇವೆ. ಚಳಿಗೆ ಮೂರು ಕಂಬಳಿ, ಒಂದು ಕರೆಂಟಿನ ಹೀಟರು.

ನಾನು ಕೆಲಸ ಮುಗಿಸಿ ಬಂದರೆ ಅವಳು ಕೇಳುತ್ತಿದ್ದಳು, "ಇವತ್ತೆಷ್ಟು ಹಚ್ಚಿ ಬಂದೆ?"

"ಹನ್ನೊಂದು."

"ಗೊತ್ತಾಯ್ತು ಬಿಡು. ಆರನೇದಕ್ಕೆ ಹಸೀ ಸೌದೆ ಹಾಕಿದ್ದೆ, ಅಲ್ವೇನೇ? ಇಲ್ಲಿಗೇ ರುಚಿ ಬಂತು."

ಅವಳದು ತಮಾಷೆ. ನಾನೂ ನಗುತ್ತಿದ್ದೆ. ನಕ್ಕು ಬಚ್ಚಲಿಗೆ ಹೋಗಿ ಕೈ ತಿಕ್ಕಿ ತಿಕ್ಕಿ ತೊಳೆಯುತ್ತಿದ್ದೆ. ಅಕ್ಕನ ಗಂಟಲು ಹಿಸುಕುವ ಕೆಲಸಕ್ಕೆ ನಾನೇ ಸಂಬಳದವಳು ಎಂದು ಗೊತ್ತಿಲ್ಲದೆ ಅಲ್ಲ. ತಗ್ಗಿನ ಹೆಂಗಸಿಗೆ ಆ ಊರಲ್ಲಿ ಬೇರೆ ಯಾರು ಕೆಲಸ ಕೊಡುತ್ತಿದ್ದರು?

ನಮ್ಮವರ ಆರೋಗ್ಯ ಕೇಂದ್ರದ ನರ್ಸು ಶೆರೀ. ತಗ್ಗಿನಲ್ಲೇ ಹುಟ್ಟಿ, ಓದಿ, ವಾಪಸು ಬಂದ ಹುಡುಗಿ. ಹೋದ ವರ್ಷ ಚಳಿಗಾಲದಲ್ಲಿ ಸೋಪಿನ ಡಬ್ಬಿಯಷ್ಟಿದ್ದ ಒಂದು ಯಂತ್ರ ತಂದಳು. ಗಾಳಿಯಲ್ಲಿ ಎಷ್ಟು ಹೊಗೆಪುಡಿ ಇದೆ ಎಂದು ಅಂಕಿ ತೋರಿಸುತ್ತದೆ. ಇಪ್ಪತ್ತೈದು ದಾಟಬಾರದು ಎಂದಳು. ಪುರಸಭೆಯದೂ ಒಂದು ಯಂತ್ರ ಇದೆ. ಅದನ್ನು ಇಟ್ಟಿರುವುದು ದಿಬ್ಬದ ಮೇಲೆ, ಪ್ರವಾಸಿ ಕೇಂದ್ರದ ಸೂರಿನ ಮೇಲೆ. ಅಲ್ಲಿ ಏಳು, ಎಂಟು. ನಮ್ಮ ಅಡುಗೆಮನೆಯಲ್ಲಿ ಸಂಜೆ ಆರಕ್ಕೆ ನೂರಾ ಎಂಬತ್ನಾಲ್ಕು.

ಶೆರೀ ಯಂತ್ರವನ್ನು ಅಲ್ಲಾಡಿಸಿ ನೋಡಿದಳು. "ಇದು ಕೆಟ್ಟೋಗಿಲ್ಲ ತಾನೆ ದೊಡ್ಡಮ್ಮ?"

"ಅದು ಕೆಟ್ಟಿಲ್ಲ ಕಣವ್ವ," ಅಂದಳು ಮರ್ಲ್. "ಕೆಟ್ಟಿರೋದು ನಾನು."

ಶೆರೀ ಚಳಿಗಾಲ ಪೂರ್ತಿ ಅಂಕಿ ಬರೆದಿಟ್ಟಳು. ತಗ್ಗಿನ ಒಂಬತ್ತು ಮನೆಗಳಲ್ಲಿ, ಬೆಳಿಗ್ಗೆ ಸಂಜೆ. ಎಲ್ಲ ಜೋಡಿಸಿ ಪುರಸಭೆಗೆ ಕೊಟ್ಟಳು. ಅವರು ಆರು ತಿಂಗಳು ಯೋಚಿಸಿದರು. ಶುದ್ಧ ಗಾಳಿ ಸಮಿತಿ ಎಂದು ಒಂದು ಸಮಿತಿ ಮಾಡಿದರು. ಸಮಿತಿ ಒಂದು ತೀರ್ಮಾನಕ್ಕೆ ಬಂತು. ಹೊಗೆ ಹೆಚ್ಚಾಗಿ ಸಿಕ್ಕಿದ್ದು ತಗ್ಗಿನಲ್ಲಿ. ಆದ್ದರಿಂದ ಹೊಗೆ ಮಾಡುವವರು ತಗ್ಗಿನವರು. ಹೀಗೆ ನೇರವಾಗಿ ಬರೆಯಲಿಲ್ಲ, ಓದಿದವರಲ್ಲವೇ. 'ಹೆಚ್ಚು ಬಾಧಿತ ಪ್ರದೇಶದ ನಿವಾಸಿಗಳಲ್ಲಿ ಒಲೆ ಬಳಕೆಯ ಶಿಸ್ತು ತರಲಾಗುವುದು' ಎಂದು ಬರೆದರು. ಗುಂಡಿಯಲ್ಲಿ ನೀರು ನಿಂತಿದೆ, ಹಾಗಾದರೆ ಮಳೆ ಸುರಿಸಿದ್ದು ಗುಂಡಿಯೇ ಎನ್ನುವ ಬುದ್ಧಿ ಅದು.

ಈ ವರ್ಷ ಮೇ ತಿಂಗಳ ಕೊನೆಗೆ ನೋಟಿಸುಗಳು ಬಂದವು. ಹಂಚಲು ಬಂದವನು ಲಾಕ್ಲನ್ ಎಂಬ ಹುಡುಗ ಅಧಿಕಾರಿ. ಪುರಸಭೆಯ ಟೋಪಿ, ಒಳ್ಳೆಯ ಬೂಟು, ಮೂಗು ಬಾಯಿಗೆ ಬಿಳಿ ಮುಸುಕು. ನಮ್ಮ ಬಾಗಿಲ ಮೇಲೆ 'ಒಳಗೆ ಆಮ್ಲಜನಕ ಇದೆ, ಬೆಂಕಿ ತರಬೇಡಿ' ಎಂಬ ಕೆಂಪು ಚೀಟಿ ಇದೆ. ಅದರ ಕೆಳಗೇ ನೋಟಿಸು ಅಂಟಿಸಿ ಹೋಗಿದ್ದ. 'ನಿಮ್ಮ ಚಿಮಣಿ ಅತಿಯಾಗಿ ಹೊಗೆ ಉಗುಳುತ್ತಿದೆ. ಮತ್ತೆ ಕಂಡುಬಂದಲ್ಲಿ ದಂಡ ವಿಧಿಸಲಾಗುವುದು.'

ನಾನು ಓಡಿಹೋಗಿ ಮೂರನೇ ಮನೆಯ ಹತ್ತಿರ ಅವನನ್ನು ಹಿಡಿದೆ. "ಏನಪ್ಪ, ನಮ್ಮ ಒಲೆ ಉರಿದದ್ದನ್ನ ನೀನು ಕಂಡಿದ್ದೀಯಾ?"

"ಫೋಟೋ ಇದೆ ಮೇಡಂ."

ತೋರಿಸಿದ. ಸಂಜೆ ರಸ್ತೆಯಲ್ಲಿ ಕಾರು ನಿಲ್ಲಿಸಿ ತೆಗೆದದ್ದು. ನಮ್ಮ ಚಿಮಣಿ ಇತ್ತು. ಅದರ ಹಿಂದೆ ಹೊಗೆ, ಮುಂದೆ ಹೊಗೆ. ಪಕ್ಕದ ಮನೆಯ ನಾಯಿಯೂ ಫೋಟೋದಲ್ಲಿತ್ತು. ಅದರ ಸುತ್ತಲೂ ಹೊಗೆ.

"ಈ ನಾಯಿಗೂ ನೋಟಿಸು ಕೊಡ್ತೀಯಾ?"

ಅವನು ನಗಲಿಲ್ಲ. "ನಾನು ಹಂಚೋನು ಅಷ್ಟೆ ಮೇಡಂ. ತಕರಾರಿದ್ರೆ ಆಫೀಸಿಗೆ ಬನ್ನಿ."

"ಆಫೀಸ್ ಇರಲಿ. ಈಗ ಒಳಗೆ ಬಾ. ಒಲೆ ಮುಟ್ಟಿ ನೋಡು."

"ಮನೆ ಒಳಗೆ ಬರೋಕೆ ನಮಗೆ ಅಧಿಕಾರ ಇಲ್ಲ."

ನನ್ನ ಅಜ್ಜಿಯ ಕಾಲದಲ್ಲಿ ಈ ಸರ್ಕಾರದವರು ಹೇಳದೆ ಕೇಳದೆ ಒಳಗೆ ನುಗ್ಗಿ ಮಂಚದ ಕೆಳಗೆಲ್ಲ ನಮ್ಮ ಮಕ್ಕಳನ್ನು ಹುಡುಕಿ, ಬಿಳಿಯರ ಹಾಗೆ ಬೆಳೆಸುತ್ತೇವೆ ಎಂದು ಎಳೆದುಕೊಂಡು ಹೋದವರು. ಆಗ ಅಧಿಕಾರ ಇತ್ತು. ತಣ್ಣಗಿರುವ ಒಲೆ ಮುಟ್ಟಿ ನೋಡಲು ಈಗ ಇಲ್ಲ.

ಮಾರನೇ ದಿನ ಆಫೀಸಿಗೆ ಹೋದೆ. ಕೌಂಟರಿನ ಹಿಂದೆ ಒಬ್ಬ ಹೆಂಗಸು. ನನ್ನ ನಂತರ ಬಂದ ಇಬ್ಬರನ್ನು ಮೊದಲು ಕಳಿಸಿದಳು. ಆಮೇಲೆ ನೋಟಿಸು ಓದಿದಳು.

"ಒಲೆ ಉರಿಸಿಲ್ಲ ಅನ್ನೋದಕ್ಕೆ ದಾಖಲೆ ಏನಿದೆ?"

"ಉರಿಸದೇ ಇರೋದಕ್ಕೆ ಯಾವ ದಾಖಲೆ ಇರುತ್ತೆ? ಬೂದಿ ಇಲ್ಲ. ಅದೇ ದಾಖಲೆ."

"ಡಾಕ್ಟರ್ ಪತ್ರ ತನ್ನಿ. ಈ ಫಾರಂ ತುಂಬಿ. ಇಪ್ಪತ್ತೆಂಟು ದಿನ ಆಗುತ್ತೆ."

ಫಾರಂ ತೆಗೆದುಕೊಳ್ಳಲು ಕೈ ಚಾಚಿದೆ. ಅವಳು ನನ್ನ ಉಗುರು ನೋಡಿದಳು. ಬೆರಳಿನ ಗೆಣ್ಣುಗಳನ್ನು ನೋಡಿದಳು. ನಿಧಾನವಾಗಿ ನೋಡಿದಳು. ಸಾಲಿನಲ್ಲಿದ್ದವರೂ ನೋಡಲಿ ಎನ್ನುವಂತೆ.

"ಮನೇಲಿ ಒಲೆ ಹಚ್ಚೋದೇ ಇಲ್ಲ ಅಂತೀರಿ," ಅಂದಳು.

ನನ್ನ ಹಿಂದೆ ಯಾರೋ ಮೂಗಿನಲ್ಲಿ ನಕ್ಕರು. ಕೈ ಕೋಟಿನ ಜೇಬಿಗೆ ತುರುಕಿಕೊಂಡೆ. ಕಳ್ಳಿಯ ಹಾಗೆ. ಅವರ ಊರಿನ 'ಆಹಾ'ಗೆ ಕಪ್ಪಾದ ಕೈ ಅದು. ಅದರಿಂದ ನನ್ನ ವಿರುದ್ಧವೇ ಸಾಕ್ಷಿ ಹೇಳಿಸಿದರು.

ಹೊರಡುವಾಗ ಅವಳು ಒಂದು ಬಣ್ಣದ ಪುಸ್ತಿಕೆ ಕೊಟ್ಟಳು. 'ಸೌದೆ ಸರಿಯಾಗಿ ಉರಿಸುವುದು ಹೇಗೆ?' ಹತ್ತೊಂಬತ್ತು ವರ್ಷ ವಾರವಾರ ಹನ್ನೊಂದು ಒಲೆ ಹಚ್ಚಿದವಳಿಗೆ ಬೆಂಕಿಯ ಪಾಠ. ಮುಖಪುಟದಲ್ಲಿ ಒಂದು ಬಿಳಿ ಸಂಸಾರ ಒಲೆಯ ಮುಂದೆ ಕಾಲು ಚಾಚಿ ಕೂತಿತ್ತು. ನಾಲ್ಕನೇ ನಂಬರಿನ ಮನೆ. ಆ ಕಂಬಳಿ ನಾನು ಒಗೆದದ್ದು. ಆ ಬೆಂಕಿ ನಾನು ಹಚ್ಚಿದ್ದು. ಹಿಂದಿನ ಪುಟದಲ್ಲಿ ಶುದ್ಧ ಗಾಳಿ ಸಮಿತಿಯವರ ಹೆಸರುಗಳಿದ್ದವು. ಮೊದಲನೆಯದು ಫಿಲಿಪಾ.

ಮರ್ಲ್ ಪುಸ್ತಿಕೆಯನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು. "ಚೆನ್ನಾಗಿ ಬಿದ್ದೈತೆ ಕಣೆ ನಿನ್ ಬೆಂಕಿ," ಅಂದಳು. ನಕ್ಕಳು. ನಗು ಕೆಮ್ಮಾಯಿತು. ಕೆಮ್ಮು ನಿಲ್ಲಲು ಇಪ್ಪತ್ತು ನಿಮಿಷ ಬೇಕಾಯಿತು. ತುಟಿ ನೀಲಿಯಾಯಿತು. ನಾನು ಅವಳ ಬೆನ್ನು ಹಿಡಿದುಕೊಂಡು ಕೂತಿದ್ದೆ. ಬೆನ್ನಿನಲ್ಲಿ ಬರೀ ಮೂಳೆ.

ಅದೇ ವಾರ ಫಿಲಿಪಾ ಫೋನು ಮಾಡಿದಳು. ಜೂನ್ ತಿಂಗಳ ಮೂರು ದಿನದ ರಜೆಗೆ ದಿಬ್ಬದಲ್ಲಿ 'ಒಲೆಹಬ್ಬ' ನಡೆಯುತ್ತದೆ. ಬಿಸಿ ವೈನು, ಸಂಗೀತ, ಹನ್ನೊಂದು ಮನೆಯೂ ಭರ್ತಿ. "ರೇ ಚಿನ್ನ, ಒಂದು ಉಪಕಾರ ಆಗಬೇಕು. ನಿಮ್ಮವರು ಎಲೆ ಹೊಗೆ ಹಾಕಿ ಸ್ವಾಗತ ಮಾಡ್ತೀರಲ್ಲ, ಆ ಶಾಸ್ತ್ರ. ನಿಮ್ಮಕ್ಕನ ಕೈಲಿ ಅದನ್ನ ಮಾಡಿಸಬಹುದಾ? ಅತಿಥಿಗಳಿಗೆ ತುಂಬಾ ಇಷ್ಟ ಆಗುತ್ತೆ."

ಮರ್ಲ್‌ಗೆ ಹೇಳಿದೆ. ಅವಳು ಟಿ.ವಿ.ಯಿಂದ ಕಣ್ಣು ತೆಗೆಯಲಿಲ್ಲ. "ಹೊಗೆ ಬೇಕಂತಾ ಅವಳಿಗೆ? ನಮ್ಮನೇಲಿ ಬೇಕಾದಷ್ಟೈತೆ. ಬಂದು ತಗೊಂಡೋಗು ಅನ್ನು."

ಹಬ್ಬದ ವಾರ ಅತಿಥಿಗಳು ಬರುವುದು ಶುಕ್ರವಾರದ ಬದಲು ಶನಿವಾರ. ಆವತ್ತು ಬೆಳಿಗ್ಗೆ ಎಂದಿನಂತೆ ಹತ್ತಿದೆ. ಹಚ್ಚಬಾರದು ಎಂದು ತೀರ್ಮಾನಿಸಿ ಹೋದವಳಲ್ಲ. ಮನೆಯಿಂದ ಹೊರಡುವಾಗ ಮರ್ಲ್ "ಬೇಗ ಬಾ" ಅಂದಿದ್ದಳು. ಎರಡೇ ಮಾತು. 'ಬೇಗ' ಅಂದು ಉಸಿರು ಎಳೆದುಕೊಂಡು, ಆಮೇಲೆ 'ಬಾ' ಅಂದಿದ್ದಳು. ಅದು ಕಿವಿಯಲ್ಲಿತ್ತು. ಸೌದೆ ಸೀಳಿದೆ. ಬೂದಿ ಬಳಿದೆ. ಗಾಜು ಉಜ್ಜಿದೆ. ಹನ್ನೊಂದು ಒಲೆಯಲ್ಲೂ ಕಾಗದ, ಚಕ್ಕೆ, ಮೇಲೆ ಸೌದೆ ಜೋಡಿಸಿದೆ. ಎರಡು ಗಂಟೆಗೆ ಮೊದಲನೇ ಮನೆಯ ಒಲೆಯ ಮುಂದೆ ಮೊಣಕಾಲೂರಿ ಕಡ್ಡಿ ಗೀರಿದೆ.

ಕಡ್ಡಿ ಉರಿಯಿತು. ಕೈ ಮುಂದೆ ಹೋಗಲಿಲ್ಲ. ಬೆಂಕಿ ಬೆರಳಿಗೆ ಬಂತು. ಬಿಸಾಕಿದೆ. ಎರಡನೇ ಕಡ್ಡಿ ಗೀರಿದೆ. ಅದೂ ಹಾಗೇ ಆಯಿತು. ಎದ್ದು ಹೊರಗೆ ಬಂದು ಸೌದೆ ಸೀಳುವ ಕೊರಡಿನ ಮೇಲೆ ಕೂತೆ.

ಎರಡೂವರೆಗೆ ಫಿಲಿಪಾ ಬಂದಳು. ಹಬ್ಬದ ಕೆಂಪು ಶಾಲು ಹೊದ್ದಿದ್ದಳು.

"ರೇ ಚಿನ್ನ, ಒಂದು ಚಿಮಣಿಯೂ ಹೊಗೆ ಬಿಡ್ತಿಲ್ವಲ್ಲ? ನಾಲ್ಕಕ್ಕೆ ಜನ ಬರ್ತಾರೆ."

"ಬಿಡ್ತಿಲ್ಲ."

"ಕಡ್ಡಿ ಒದ್ದೆಯಾಯ್ತಾ?"

"ಕಡ್ಡಿ ಚೆನ್ನಾಗಿದೆ. ನಾನು ಹಚ್ಚಲ್ಲ."

ಅವಳು ನಕ್ಕಳು. ನಾನು ನಗಲಿಲ್ಲ. ಅವಳ ನಗು ಅರ್ಧದಲ್ಲಿ ನಿಂತಿತು.

"ನಿಮ್ಮ ಸಮಿತಿ ನಮಗೆ ನೋಟಿಸು ಕೊಟ್ಟಿದೆ," ಅಂದೆ. "ಹೊಗೆ ಮಾಡಬೇಡಿ ಅಂತ. ನಾವು ಕಾನೂನು ಪಾಲಿಸೋ ಜನ. ಮಾಡಲ್ಲ."

"ಅಯ್ಯೋ, ಅದು ಕೆಳಗಿನವರಿಗೆ ಕೊಟ್ಟಿದ್ದು ಚಿನ್ನ. ಇಲ್ಲಿಗಲ್ಲ."

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಕೇಳಿಸಿತು. "ನಾನು ಹೇಳಿದ್ದು ಹಾಗಲ್ಲ," ಅಂದಳು.

"ಹಾಗೇ ಹೇಳಿದ್ರಿ."

"ನೋಡು, ರಜೆ ಮುಗೀಲಿ. ಮಂಗಳವಾರ ನಾನೇ ಹೋಗಿ ಮರ್ಲ್ ನೋಟಿಸು ವಾಪಸು ತೆಗೆಸ್ತೀನಿ. ಇವತ್ತೊಂದಿನ ಹಚ್ಚಿಬಿಡು."

"ನೋಟಿಸು ತೆಗೆದ್ರೆ ಹೊಗೆ ಹೋಗುತ್ತಾ?"

ಅವಳು ಹತ್ತಿರ ಬಂದು ನನ್ನ ಭುಜದ ಮೇಲೆ ಕೈ ಇಟ್ಟಳು. "ಹತ್ತೊಂಬತ್ತು ವರ್ಷ, ರೇ. ನೀನು ನಮ್ಮ ಮನೆಯವಳೇ ಅಲ್ವಾ."

"ನಿಮ್ಮ ಮನೆಯವರು ಯಾರಾದ್ರೂ ಬೂದಿ ಬಳಿದಿದ್ದಾರಾ?"

ಕೈ ತೆಗೆದಳು. ಶಾಲು ಸರಿಮಾಡಿಕೊಂಡಳು. ಮುಖದಿಂದ 'ಚಿನ್ನ' ಹೋಗಿತ್ತು. "ಹಚ್ಚೋದಾದರೆ ಹಚ್ಚು. ಇಲ್ಲಾಂದ್ರೆ ಮತ್ತೆ ಮೇಲೆ ಬರಬೇಡ."

ಬೀಗದ ಕೈ ಗೊಂಚಲು ಕೊರಡಿನ ಮೇಲಿಟ್ಟೆ. ಕಡ್ಡಿಪೆಟ್ಟಿಗೆಯನ್ನೂ ಅದರ ಪಕ್ಕ ಇಟ್ಟೆ. ಇಳಿದು ಬಂದೆ. ದೊಡ್ಡ ಧೈರ್ಯವೇನೂ ಇರಲಿಲ್ಲ. ಅರ್ಧ ದಾರಿಯಲ್ಲಿ ಪೊದೆಯ ಹಿಂದೆ ಉಚ್ಚೆಗೆ ಕೂತೆ. ಕೂತಲ್ಲೇ ನಗು ಬಂತು.

ಮರ್ಲ್‌ಗೆ ಹೇಳಿದೆ. "ಇಷ್ಟು ದಿನ ಏನ್ ಮಾಡ್ತಿದ್ದೆ?" ಅಂದಳು. ಚಹಾ ಕಾಸಿ ಕೊಟ್ಟೆ.

ನಾಲ್ಕೂವರೆಗೆ ಫಿಲಿಪಾಳ ಬಿಳಿ ಕಾರು ತಗ್ಗಿಗೆ ಇಳಿಯಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಊರಿನ ಬೇರೆ ಚಿಮಣಿಗಳ ಹೊಗೆ ಆಗಲೇ ಇಳಿದು ಕೂತಿತ್ತು. ಕಾರಿನ ದೀಪ ಹಾಕಿಕೊಂಡೇ ಬಂದಳು. ಮೊದಲು ತಟ್ಟಿದ್ದು ಪಕ್ಕದ ಮನೆ ಚಾರ್ಮೇನ್‌ಳ ಬಾಗಿಲು. ಚಾರ್ಮೇನ್ ನಮ್ಮ ಅಣ್ಣನ ಸೊಸೆ, ಎರಡು ಮಕ್ಕಳ ತಾಯಿ, ಕೈಯಲ್ಲಿ ಕೆಲಸವಿಲ್ಲ. ಅವಳ ಗಂಟಲು ಗೋಡೆ ದಾಟಿ ನಮಗೆ ಕೇಳಿಸಿತು.

"ನಂಗೆ ಒಲೆ ಹಚ್ಚಕ್ಕೆ ಬರಲ್ಲ ಕಣ್ರೀ. ಅದ್ಕೇ ಮನೆಮನೆಗೂ ಪುಸ್ತಕ ಕೊಟ್ಟಿದ್ದೀರಲ್ಲ. ಓದ್ತಾ ಇದೀನಿ. ಇನ್ನೂ ಎರಡ್ನೇ ಪುಟದಾಗಿದೀನಿ."

ಎದುರು ಮನೆಯವರು ಬಾಗಿಲೇ ತೆಗೆಯಲಿಲ್ಲ. ಕೊನೆಗೆ ನಮ್ಮ ಬಾಗಿಲಿಗೆ ಬಂದಳು. ಕೆಂಪು ಶಾಲಿನ ತುಂಬ ಮಸಿ. ತಾನೇ ಹಚ್ಚಲು ಹೋಗಿದ್ದಳಂತೆ. ಹೊಗೆಗೂಡಿನ ತಗಡು ತೆಗೆಯುವುದು ಗೊತ್ತಾಗಲಿಲ್ಲವಂತೆ. ನಾಲ್ಕನೇ ಮನೆಯ ಒಳಗೆಲ್ಲ ಹೊಗೆ ತುಂಬಿ ಅತಿಥಿಗಳು ಅಂಗಳದಲ್ಲಿ ನಿಂತಿದ್ದಾರಂತೆ.

"ರೇಲೀನ್, ದಯವಿಟ್ಟು," ಅಂದಳು. ಪೂರ್ತಿ ಹೆಸರು ಹಿಡಿದು ಕರೆದದ್ದು ಆವತ್ತೇ ಮೊದಲು.

ಉತ್ತರ ಕೊಟ್ಟವಳು ಮರ್ಲ್. "ಕೂತ್ಕೋ ಬಾರವ್ವ."

"ಕೂರೋಕೆ ಟೈಮಿಲ್ಲ, ಅಲ್ಲಿ ಜನ—"

"ಕೂತ್ಕೊಂಡ್ರೆ ಕೆಲಸ ಆಯ್ತದೆ." ಮರ್ಲ್ ಉಸಿರು ಎಳೆದುಕೊಂಡಳು. "ಏಳು ಗಂಟೆ ತಂಕ ಈ ಕುರ್ಚೀಲಿ ಕೂತಿರು. ಏನೂ ಮಾಡಬೇಡ. ಬರೀ ಕೂತಿರು. ಏಳಕ್ಕೆ ನನ್ ತಂಗಿ ಬಂದು ಹನ್ನೊಂದೂ ಹಚ್ಚಿಕೊಡ್ತಾಳೆ."

ನಾನು ಮರ್ಲ್ ಮುಖ ನೋಡಿದೆ. ನನ್ನನ್ನು ಕೇಳದೆ ಮಾತು ಕೊಟ್ಟಿದ್ದಳು. ಅವಳು ನನ್ನ ಕಡೆ ತಿರುಗಲಿಲ್ಲ.

ಫಿಲಿಪಾ ಕೂತಳು. ಕುರ್ಚಿಯ ತುದಿಯಲ್ಲಿ, ಕೈಚೀಲ ತೊಡೆಯ ಮೇಲೆ. ಯಂತ್ರ ಗುಂಯ್ ಅನ್ನುತ್ತಿತ್ತು. ಟಿ.ವಿ.ಯಲ್ಲಿ ಸದ್ದಿಲ್ಲದೆ ಫುಟ್ಬಾಲು ನಡೆಯುತ್ತಿತ್ತು. ಬಾಗಿಲ ಕೆಳಗಿನ ಸಂದಿಗೆ ಒತ್ತಿದ್ದ ಬಟ್ಟೆ ಅವಳು ಬರುವಾಗ ಸರಿದಿತ್ತು. ಅಲ್ಲಿಂದ ಹೊಗೆ ಒಳಗೆ ಬರುತ್ತಿತ್ತು. ಅವಳು ಕೂತಲ್ಲೇ ಒಲೆ ನೋಡಿದಳು. ಒಲೆಯ ಮೇಲಿನ ಟಿ.ವಿ. ನೋಡಿದಳು. ಮರ್ಲ್ ಮೂಗಿನ ನಳಿಗೆ ನೋಡಿ ಬೇಗ ಕಣ್ಣು ತೆಗೆದಳು. ಐದು ನಿಮಿಷಕ್ಕೆ ಕಣ್ಣಲ್ಲಿ ನೀರು ಬಂತು. ಕೆಮ್ಮಿದಳು. ತಡೆದುಕೊಂಡಳು. ಮತ್ತೆ ಕೆಮ್ಮಿದಳು.

"ಕಿಟಕಿ ತೆಗೀಬಹುದಾ?"

"ತೆಗಿ," ಅಂದಳು ಮರ್ಲ್. "ಆಚೆ ಇನ್ನೂ ಜಾಸ್ತಿ ಐತೆ."

ಫಿಲಿಪಾಳ ಫೋನು ಬಡಿದುಕೊಂಡಿತು. ದಿಬ್ಬದ ಅತಿಥಿ ಹೆಂಗಸು. ದೊಡ್ಡ ಗಂಟಲು, ನಮಗೂ ಕೇಳುತ್ತಿತ್ತು. ಒಲೆಯ ದೂರು ಹೇಳಲು ಮಾಡಿದ್ದಲ್ಲ. ಜಗಲಿಯಲ್ಲಿ ನಿಂತಿದ್ದೇವೆ, ಕೆಳಗೆ ಕಣಿವೆ ತುಂಬ ಬೆಳ್ಳಗೆ ಮಂಜು, ಅದರ ಮೇಲೆ ಮುಳುಗುವ ಸೂರ್ಯ, ಇಂಥದ್ದನ್ನು ಜನ್ಮದಲ್ಲಿ ನೋಡಿಲ್ಲ ಅನ್ನುತ್ತಿದ್ದಳು. ನಾಳೆಯೂ ಹೀಗೇ ಕಾಣುತ್ತದಾ ಎಂದು ಕೇಳಿದಳು.

ಫಿಲಿಪಾ ಬಾಯಿ ತೆಗೆದಳು. ಕೆಮ್ಮು ಬಂತು. ಫೋನಿಗೆ ಕೈ ಅಡ್ಡ ಹಿಡಿದು ಕೆಮ್ಮಿದಳು. ಆಮೇಲೆ ಹೇಳಿದಳು, "ಹೌದು. ಮಂಜು. ಚಳಿಗಾಲ ಪೂರ್ತಿ ಹಾಗೇ ಇರುತ್ತೆ."

"ಏನಂತೆ?" ಮರ್ಲ್ ಕೇಳಿದಳು.

"ಮೇಲಿಂದ ಕಣಿವೆ ಚೆನ್ನಾಗಿ ಕಾಣ್ತಿದೆಯಂತೆ. ಫೋಟೋ ತೆಗೀತಿದ್ದಾರೆ," ಅಂದಳು ಫಿಲಿಪಾ.

"ಫೋಟೋದಲ್ಲಿ ನಾವಿದ್ದೀವಾ?"

ಫಿಲಿಪಾ ಫೋನನ್ನು ಕೈಚೀಲಕ್ಕೆ ಹಾಕಿಕೊಂಡಳು.

"ಇದ್ದೀವಿ ಬಿಡು," ಅಂದಳು ಮರ್ಲ್. ಉಸಿರು ಎಳೆದುಕೊಂಡು ಮುಂದುವರಿಸಿದಳು. "ಇವತ್ತು ನೀನೂ ಇದ್ದೀಯ."

ಫಿಲಿಪಾ ಎದ್ದಳು. ಬಂದು ಹದಿನೆಂಟು ನಿಮಿಷವಾಗಿತ್ತು. ಬಾಗಿಲಲ್ಲಿ ಏನೋ ಹೇಳಲು ನಿಂತಳು. ಮಾತಿನ ಬದಲು ಕೆಮ್ಮು ಬಂತು. ಹೋದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅದು ಹೊಗೆಯ ನೀರು. ಬೇರೆ ಏನಾದರೂ ಎಂದು ತಿಳಿಯುವಷ್ಟು ಹುಚ್ಚಿ ನಾನಲ್ಲ.

ಆ ಸಂಜೆ ದಿಬ್ಬದ ಹನ್ನೊಂದು ಒಲೆಗಳೂ ತಣ್ಣಗಿದ್ದವು. ಅತಿಥಿಗಳು ಕೋಟು ತೊಟ್ಟು ಊಟ ಮಾಡಿದರಂತೆ. ತಗ್ಗಿನ ಗಾಳಿ ಶುದ್ಧವಾಯಿತು ಎಂದರೆ ಸುಳ್ಳಾಗುತ್ತದೆ. ಊರಲ್ಲಿ ಇನ್ನೂ ಆರುನೂರು ಚಿಮಣಿಗಳಿವೆ. ಶೆರೀಯ ಯಂತ್ರ ನೂರಾ ಅರವತ್ತೊಂದು ತೋರಿಸಿತು. ಮಂಗಳವಾರ ನನ್ನ ಫೋನಿಗೆ ಎರಡು ಸಾಲು ಬಂತು. ನಿಮ್ಮ ಸೇವೆ ಇನ್ನು ಬೇಕಾಗಿಲ್ಲ, ಧನ್ಯವಾದ. ಬೋರ್ಡು ಒರೆಸುವ ಕೆಲಸವೂ ಹೋಯಿತು. ಮರ್ಲ್ ಮೇಲಿನ ನೋಟಿಸನ್ನು ಯಾರೂ ವಾಪಸು ತೆಗೆಸಲಿಲ್ಲ. ಆಗಸ್ಟಿನಲ್ಲಿ ಅವಳು ಒಂಬತ್ತು ದಿನ ದೊಡ್ಡೂರಿನ ಆಸ್ಪತ್ರೆಯಲ್ಲಿದ್ದು ಬಂದಳು. ಈಗ ಒಂದು ಮಾತನ್ನು ಮೂರು ತುಂಡು ಮಾಡಿ ಆಡುತ್ತಾಳೆ. ಬೈಗುಳವನ್ನು ಮಾತ್ರ ಒಂದೇ ಉಸಿರಿಗೆ ಮುಗಿಸುತ್ತಾಳೆ.

ಅದಕ್ಕೂ ಮುಂಚೆ, ಜುಲೈನಲ್ಲಿ, ಚಾರ್ಮೇನ್ ನಮ್ಮ ಹೊಸ್ತಿಲಲ್ಲಿ ಬಂದು ನಿಂತಳು. ನೆಲ ನೋಡುತ್ತಿದ್ದಳು.

"ಚಿಕ್ಕತ್ತೆ, ಬೈಬೇಡ. ಆ ಕೆಲಸ ನಾನು ಒಪ್ಕೊಂಡೆ."

ಬೈಯಲಿಲ್ಲ. ಅವಳ ಮನೆಯಲ್ಲಿ ಎರಡು ಮಕ್ಕಳಿದ್ದಾರೆ. ಹೊಗೆಗೂಡಿನ ತಗಡು ಹೇಗೆ ಎಳೆಯುವುದು ಎಂದು ಹೇಳಿಕೊಟ್ಟೆ. ನನ್ನ ಚರ್ಮದ ಕೈಗವುಸು ಕೊಟ್ಟೆ. ಅವಳು ಹೋದ ಮೇಲೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತೆ.

ಆ ಶುಕ್ರವಾರ ಸಂಜೆ ಆರಕ್ಕೆ ಅವಳು ನೇರ ನಮ್ಮ ಮನೆಗೆ ಬಂದಳು. ಉಗುರು ಕಪ್ಪಾಗಿತ್ತು. ಕೂತು ಹೇಳಿದಳು. ಒಲೆಗಳನ್ನು ಜೋಡಿಸಿಟ್ಟಿದ್ದಳಂತೆ. ಹಚ್ಚಿರಲಿಲ್ಲ. ಅತಿಥಿಗಳು ಬರುವ ತನಕ ಕಾದಳಂತೆ. ಅವರು ಒಳಗೆ ಬಂದು ಪೆಟ್ಟಿಗೆ ಇಳಿಸಿದ ಮೇಲೆ ಅವರ ಎದುರಿಗೇ ಮೊಣಕಾಲೂರಿ, ಕಡ್ಡಿ ಕೈಯಲ್ಲಿ ಹಿಡಿದು ಕೇಳಿದಳಂತೆ, "ಈ ಹೊಗೆ ಕೆಳಗೆ ನಮ್ಮ ದೊಡ್ಡತ್ತೆಯ ಮನೆಗೆ ಹೋಗುತ್ತೆ. ಅವರು ಆಮ್ಲಜನಕದ ಮೇಲೆ ಇದ್ದಾರೆ. ಹಚ್ಚಲಾ?"

ಹನ್ನೊಂದು ಮನೆಯಲ್ಲೂ ಕೇಳಿದಳು.

"ಏನಂದ್ರು?" ಅಂದೆ.

"ಹಚ್ಚು ಅಂದೋರೇ ಜಾಸ್ತಿ. ಒಬ್ಬ ಅಂತೂ ನಾವು ಇದಕ್ಕೇ ಬಂದಿರೋದು ಅಂದ. ಹಚ್ಚು ಅಂದೋರಿಗೆ ಹಚ್ಚಿ ಕೊಟ್ಟೆ. ಮೂರು ಮನೆಯೋರು ಬೇಡ ಅಂದ್ರು."

ಚಾರ್ಮೇನ್ ಎರಡು ಶುಕ್ರವಾರ ಉಳಿದಳು. ಅತಿಥಿಗಳ ಮನಸ್ಸಿಗೆ ನೋವಾಗುತ್ತದೆ ಎಂದು ಫಿಲಿಪಾ ಅವಳನ್ನು ತೆಗೆದಳು. ಆಮೇಲೆ ಕೊನೆ ಮನೆಯ ಜೋಸಿಲಿನ್ ಹೋದಳು. ಅವಳೂ ಕೇಳಿದಳು. ಮೂರು ಶುಕ್ರವಾರಕ್ಕೆ ಅವಳ ಕೆಲಸವೂ ಹೋಯಿತು. ಈಗ ಹೋಗುತ್ತಿರುವವಳು ಡೋನಾ. ಚಳಿಯಲ್ಲಿ ಸೌದೆ ಸೀಳಿ ಬೂದಿ ಬಳಿಯಲು ಹೊರಗಿನಿಂದ ಯಾರೂ ಬರುವುದಿಲ್ಲ. ಫಿಲಿಪಾಳಿಗೆ ತಗ್ಗಿನ ಕೈಗಳೇ ಬೇಕು.

ಡೋನಾ ಮಾತು ಕಡಿಮೆಯ ಹೆಂಗಸು. ಮೊನ್ನೆ ಅವಳನ್ನು ಕೇಳಿದೆ, ಯಾಕೆ ಕೇಳುತ್ತೀಯ, ಹೇಗೂ ಹಚ್ಚು ಅನ್ನುತ್ತಾರಲ್ಲ, ಇರುವ ಕೆಲಸ ಯಾಕೆ ಕಳೆದುಕೊಳ್ಳುತ್ತೀಯ ಎಂದು.

ಅವಳು ಬೂಟಿನ ಬೂದಿ ಒದರಿಕೊಂಡಳು.

"ಹಚ್ಚು ಅನ್ನೋ ಮುಂಚೆ ಒಂದು ಗಳಿಗೆ ಸುಮ್ನಾಗ್ತಾರೆ ಕಣಕ್ಕ," ಅಂದಳು. "ನೆಲ ನೋಡ್ತಾರೆ. ಇಷ್ಟು ವರ್ಷ ನೆಲ ನೋಡ್ತಿದ್ದೋರು ನಾವು."